ಚಿತ್ರದುರ್ಗದ ಮನೆಯಂಗಳಕ್ಕೆ ಹನಿಯೋ, ತುಂತುರೋ?

ಚಿತ್ರದುರ್ಗದಲ್ಲಿ ಮನೆಯ ಮುಂದೆ ಹುಲ್ಲುಹಾಸು ಮತ್ತು ನಾಲ್ಕು ಗಿಡ ಬೆಳೆಸುವವರು ಹನಿ ನೀರಾವರಿ, ತುಂತುರು ನೀರಾವರಿಗಳಲ್ಲಿ ಒಂದನ್ನು ಆರಿಸುವ ಮೊದಲು ಇಲ್ಲಿನ ಗಾಳಿಯನ್ನು ಗಮನಿಸಬೇಕು. ಊರ ಪಕ್ಕದ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿಯೇ ತುಂತುರಿನ ಸಣ್ಣ ಹನಿಗಳನ್ನು ಕಾಂಪೌಂಡಿನಾಚೆಗೂ ಒಯ್ಯುತ್ತದೆ. ಆದ್ದರಿಂದ ಹುಲ್ಲಿಗೆ ತುಂತುರನ್ನೇ ಬಳಸುವುದಾದರೆ, ಗಾಳಿ ಏಳುವ ಮುನ್ನ, ಬೆಳಗಿನ ಆರರ ಆಸುಪಾಸಿನಲ್ಲಿ ನೀರು ಬಿಡುವುದು ಲೇಸು. ಹುಲ್ಲುಹಾಸನ್ನೇ ಕಿರಿದಾಗಿಸುವುದು ಅದಕ್ಕಿಂತಲೂ ಲೇಸೆಂಬುದು ನನ್ನ ಅಭಿಪ್ರಾಯ.

ದಾಸವಾಳ, ಮಲ್ಲಿಗೆ, ಕರಿಬೇವಿನಂಥ ಬಿಡಿ ಗಿಡಗಳಿಗಾದರೆ ಹನಿ ನೀರಾವರಿಗೆ ಸಾಟಿಯಿಲ್ಲ. ಗಂಟೆಗೆ ತಲಾ 4 ಲೀಟರ್ ಬಿಡುವ ಎರಡು ಡ್ರಿಪ್ಪರುಗಳು (ಪೈಪಿನಿಂದ ಹನಿ ತೊಟ್ಟಿಕ್ಕಿಸುವ ಪುಟ್ಟ ಮೂತಿಗಳು) ಅರ್ಧ ಗಂಟೆಯಲ್ಲಿ 4 ಲೀಟರ್ ನೀರನ್ನು ನೇರವಾಗಿ ಬುಡಕ್ಕೆ ಇಳಿಸುತ್ತವೆ. ಸುತ್ತಲ ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ. ಹನಿ ನೀರಾವರಿಯ ಶತ್ರು ಬೋರ್‌ವೆಲ್ಲಿನ ಗಡಸು ನೀರು. ಡ್ರಿಪ್ಪರಿನ ಬಾಯಲ್ಲಿ ಸುಣ್ಣದಂಥ ಬಿಳಿ ಪದರ ಕಟ್ಟಿಕೊಂಡಿರುವುದು ನಮ್ಮ ಮನೆಯಲ್ಲಿ ಗೊತ್ತಾದದ್ದು ಮಲ್ಲಿಗೆಯ ಎಲೆ ಬಾಡಿದ ಮೇಲೆಯೇ. ಜಾಲರಿ ಫಿಲ್ಟರ್ ಹಾಕಿಸಿ, ತಿಂಗಳಿಗೊಮ್ಮೆ ಪೈಪಿನ ತುದಿಯ ಮುಚ್ಚಳ ಬಿಚ್ಚಿ ರಭಸವಾಗಿ ನೀರು ಹಾಯಿಸಬೇಕು.

ಕೈಯಲ್ಲಿ ಪೈಪು ಹಿಡಿದು ನೀರುಣಿಸುವುದು ಅಗ್ಗವೇನೋ ಹೌದು, ಆದರೆ ಪಕ್ಕದ ಮನೆಯವರೊಡನೆ ಮಾತಿಗೆ ನಿಂತರೆ ನೀರೆಲ್ಲ ಚರಂಡಿಯ ಪಾಲು.