ಭಾನುವಾರ ಬೆಳಗಿನ ಆರು ಗಂಟೆ: ಆನ್‌ಲೈನ್ ಧ್ಯಾನ ಸಂಘದಲ್ಲಿ ಐದು ವರ್ಷ

2020ರ ಸೆಪ್ಟೆಂಬರ್‌ನಿಂದ ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ಲ್ಯಾಪ್‌ಟಾಪ್ ತೆರೆದು, ಬೆನ್ನು ನೆಟ್ಟಗೆ ಮಾಡಿಕೊಂಡು, ಹತ್ತು ಹನ್ನೆರಡು ಜನರ ಜೊತೆ ಸುಮ್ಮನೆ ಉಸಿರಾಡುತ್ತಿದ್ದೇನೆ. ಧಾರವಾಡದ ನಮ್ಮ ಓಣಿಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಉಸಿರಾಡುವುದಕ್ಕೂ ಇಂಟರ್ನೆಟ್ ಬೇಕಾಯಿತೇ ಎಂದು ಎದುರು ಮನೆಯ ಕಾಕು ಕೇಳಿದ್ದುಂಟು. ನನಗೆ ಬೇಕಾಯಿತು. ಇಷ್ಟು ಕಾಲ ಬಳಸಿದ ಮೇಲೆ ಅಂಕ ಕೊಡು ಎಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಅಂಕವನ್ನು ಸುಮ್ಮನೆ ಕಳೆದಿಲ್ಲ; ಕಾರಣ ಮುಂದಿದೆ.

ಇದಕ್ಕೆ ಮೊದಲು ನಾನು ಧ್ಯಾನವನ್ನೇ ಕಾಣದವಳಲ್ಲ. 2017ರಲ್ಲಿ ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲದಲ್ಲಿ ಹತ್ತು ದಿನದ ವಿಪಶ್ಯನ ಶಿಬಿರ ಮುಗಿಸಿದ್ದೆ. ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಆ ಶಿಬಿರದಲ್ಲಿ ಫೋನು, ಪುಸ್ತಕ, ಮಾತು ಯಾವುದೂ ಇಲ್ಲ. ನಸುಕಿನ ನಾಲ್ಕಕ್ಕೆ ಗಂಟೆ ಬಾರಿಸಿದರೆ ಎದ್ದು ಕೂರುವುದೊಂದೇ ಕೆಲಸ. ಮನೆಗೆ ಹೋದ ಮೇಲೂ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಎಂದು ಹೇಳಿ ಕಳಿಸುತ್ತಾರೆ. ನಾನು ಹದಿನೆಂಟು ದಿನ ಕುಳಿತೆ. ಆಮೇಲೆ ಒಂದು ಹೊತ್ತು, ಆಮೇಲೆ ಅರ್ಧ ಗಂಟೆ, ಆಮೇಲೆ ಶ್ರಾವಣ ಬಂತು, ದೀಪಾವಳಿ ಬಂತು. ಒಬ್ಬಳೇ ಕೂರುವವಳಿಗೆ ಏಳುವುದಕ್ಕೆ ನೆಪ ಬೇಕಾದಷ್ಟು.

ಲಾಕ್‌ಡೌನ್ ಕಾಲದಲ್ಲಿ ಹಣ ಕೊಟ್ಟು ಒಂದು ಧ್ಯಾನದ ಆ್ಯಪ್ ಹಾಕಿಕೊಂಡೆ. ಹೆಸರು ಬೇಡ. ಜೇನಿನಂಥ ದನಿ, ಮಳೆಯ ಸದ್ದು, ಸತತ ಎಷ್ಟು ದಿನ ಕುಳಿತಿರಿ ಎಂಬ ಲೆಕ್ಕ. ನಲವತ್ತೊಂದನೆಯ ದಿನ ಜ್ವರ ಬಂದು ಮಲಗಿದೆ. ಲೆಕ್ಕ ಸೊನ್ನೆಗೆ ಬಂದು ನಿಂತಿತು. ಅಷ್ಟು ಕಾಲವೂ ನಾನು ದಿನ ಎಣಿಸುತ್ತ ಕುಳಿತಿದ್ದೆ ಎಂದು ಆಗ ಹೊಳೆಯಿತು. ವರ್ಷ ತುಂಬಿದಾಗ ಹೇಳದೆ ಕೇಳದೆ ಮುಂದಿನ ವರ್ಷದ ಶುಲ್ಕವನ್ನೂ ಕಡಿತ ಮಾಡಿಕೊಂಡಿತು.

ಸಂಘದ ಕೊಂಡಿ ಸಿಕ್ಕಿದ್ದು ಹಳೆಯ ಸಹೋದ್ಯೋಗಿಯೊಬ್ಬರಿಂದ. ವಿಯೆಟ್ನಾಮಿನ ಭಿಕ್ಖು ಥಿಚ್ ನ್ಹಾತ್ ಹಾನ್ ಅವರ ಪರಂಪರೆಯ ಪುಟ್ಟ ಗುಂಪು ಅದು. ಅವರು ಭಿಕ್ಖುಣಿ ಸಿಸ್ಟರ್ ಚಾನ್ ಖೋಂಗ್ ಜೊತೆಗೂಡಿ 1982ರಲ್ಲಿ ನೈಋತ್ಯ ಫ್ರಾನ್ಸಿನಲ್ಲಿ ಕಟ್ಟಿದ ಪ್ಲಮ್ ವಿಲೇಜ್ ಎಂಬ ಧ್ಯಾನ ಕೇಂದ್ರದ ಪದ್ಧತಿಯನ್ನೇ ಹಿಡಿದು ನಡೆಯುತ್ತದೆ. ಪುಣೆ, ಚೆನ್ನೈ, ಕೊಚ್ಚಿಯವರಿದ್ದಾರೆ. ಸಿಂಗಪುರದವರಿಗೆ ಅದು ಎಂಟೂವರೆ, ತಿಂಡಿಯ ಹೊತ್ತು. ನ್ಯೂಜೆರ್ಸಿಯ ಒಬ್ಬಾಕೆಗೆ ಶನಿವಾರ ರಾತ್ರಿ ಎಂಟೂವರೆ. ನವೆಂಬರ್‌ನಲ್ಲಿ ಅಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ ಏಳೂವರೆ. ಅದನ್ನು ಮುಂದಕ್ಕೆ ತಿರುಗಿಸುವ ಮಾರ್ಚ್‌ನಲ್ಲಿ ಆಕೆ ತಪ್ಪದೆ ಒಂದು ಗಂಟೆ ಮೊದಲೇ ಬಂದು ಖಾಲಿ ಪರದೆಯ ಮುಂದೆ ಕುಳಿತಿರುತ್ತಾಳೆ.

ಇಪ್ಪತ್ತೈದು ನಿಮಿಷ ಕೂರುವುದು. ಹತ್ತು ನಿಮಿಷ ನಡೆಯುವುದು. ನನ್ನ ಪಾಲಿಗೆ ಪಡಸಾಲೆಯಿಂದ ಅಡುಗೆಮನೆಯ ಹೊಸ್ತಿಲವರೆಗೆ, ಒಂದು ಉಸಿರಿಗೆ ಎರಡು ಹೆಜ್ಜೆ. ಒಂದೆರಡು ಪುಟ ಓದು, ಕೊನೆಗೆ ಹಂಚಿಕೆ, ಅಂದರೆ ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವುದು. ತಿಂಗಳಿಗೊಮ್ಮೆ ಬೌದ್ಧ ಗೃಹಸ್ಥರ ಐದು ನಿಯಮಗಳಾದ ಪಂಚಶೀಲದ ಪಾಠ, ಹಳೆಯ ಶೀಲಗಳನ್ನೇ ಈ ಕಾಲದ ಬದುಕಿಗೆ ಹೊಂದುವಂತೆ ಬಿಡಿಸಿ ಬರೆದದ್ದು. ಮದ್ಯ ಬೇಡ ಎನ್ನುವ ಐದನೆಯ ಶೀಲ ಅಲ್ಲಿ ಕಣ್ಣು ಕಿವಿಗಳಿಂದ ಒಳಗಿಳಿಯುವ ವಿಷಗಳಿಗೂ ಅನ್ವಯಿಸುತ್ತದೆ. ಕೆಲವು ಬಗೆಯ ವೆಬ್‌ಸೈಟುಗಳೂ ಆ ಪಟ್ಟಿಯಲ್ಲಿವೆ. ಎಲ್ಲರೂ ಪರದೆ ನೋಡುತ್ತಲೇ ಆ ಸಾಲನ್ನು ಕೇಳುವಾಗ ಯಾರದೋ ತುಟಿಯಂಚು ಅಲುಗುತ್ತದೆ.

ಹಂಚಿಕೆಯ ನಿಯಮವೇ ಇಡೀ ಏರ್ಪಾಡಿನ ಜೀವ. ಮಾತಾಡಬೇಕೆನಿಸಿದವರು ಕೈ ಮುಗಿಯುತ್ತಾರೆ, ಉಳಿದವರು ತಿರುಗಿ ಮುಗಿಯುತ್ತಾರೆ. ಮಾತು ಮುಗಿಯುವವರೆಗೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಮುಗಿದ ಮೇಲೂ ಸಲಹೆ ಕೊಡುವುದಿಲ್ಲ. ಉಪ್ಪಿನಕಾಯಿಯಂತೆ ಪ್ರತಿ ಎಲೆಗೂ ಸಲಹೆ ಬಡಿಸುವವರ ನಡುವೆ ಬೆಳೆದ ನನಗೆ ಇದು ಒಗ್ಗಲು ವರ್ಷವೇ ಬೇಕಾಯಿತು. ಕೇಳಿದ್ದನ್ನು ಹೊರಗೆ ಆಡುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಹಾಗಾಗಿ ಹಂಚಿಕೆಯ ವಿಷಯದಲ್ಲಿ ನನ್ನದನ್ನಷ್ಟೇ ಬರೆಯುತ್ತೇನೆ.

ಗುಂಪಿನ ಭಾಷೆ ಇಂಗ್ಲಿಷ್. ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಕಚೇರಿಯ ಕಡತ ಬರೆದವಳು ನಾನು, ಅದರ ಭಯವಿಲ್ಲ. ಆದರೆ 2022ರಲ್ಲಿ ಅವ್ವನ ಮರೆವು ಹೆಚ್ಚಾಗಿ, ಒಂದು ಶನಿವಾರ ಸಂಜೆ ನನ್ನನ್ನೇ ದಿಟ್ಟಿಸಿ ನೋಡಿ, ‘ನೀವು ಯಾರ ಪೈಕಿ?’ ಎಂದು ಕೇಳಿದಳು. ಮರುದಿನ ಬೆಳಗ್ಗೆ ಕೈ ಮುಗಿದೆ. ಎರಡು ವಾಕ್ಯ ಇಂಗ್ಲಿಷಿನಲ್ಲಿ ಹೇಳಿದೆ, ಮುಂದೆ ಬರಲಿಲ್ಲ. ‘ಯಾರ ಪೈಕಿ’ ಎಂಬುದನ್ನು ಆ ಭಾಷೆಯಲ್ಲಿ ಏನೆಂದು ಹೇಳುವುದು? ಅಂದು ನಡೆಸಿಕೊಡುತ್ತಿದ್ದವರು, ನಿಮ್ಮ ಭಾಷೆಯಲ್ಲೇ ಹೇಳಿ ಎಂದರು. ನಾಲ್ಕೈದು ನಿಮಿಷ ಕನ್ನಡದಲ್ಲಿ ಮಾತಾಡಿದೆ. ಅಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರಿಗೂ ಕನ್ನಡ ಬಾರದು. ಯಾರೂ ಪರದೆಯಿಂದ ಕಣ್ಣು ಕೀಳಲಿಲ್ಲ. ನಾನು ಮುಗಿಸಿ ಕೈ ಜೋಡಿಸಿದಾಗ ಹನ್ನೊಂದು ಚೌಕಗಳಲ್ಲಿ ಹನ್ನೊಂದು ಜೋಡಿ ಕೈಗಳು ಮೇಲೆದ್ದವು. ಸಲಹೆ ಕೊಡುವ ಉದ್ದೇಶವೇ ಇಲ್ಲದವರಿಗೆ ಅರ್ಥ ತಿಳಿದು ಆಗಬೇಕಾದ್ದಾದರೂ ಏನು?

ಇಂಗ್ಲಿಷಿನವರು ಮೈಂಡ್‌ಫುಲ್‌ನೆಸ್ ಎನ್ನುವುದಕ್ಕೆ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ‘ಸತಿ’ ಎನ್ನುತ್ತಾರೆ. ಆ ಪದದ ಮೂಲ ಅರ್ಥವೂ ನೆನಪು ಎಂದೇ, ಸಂಸ್ಕೃತದ ಸ್ಮೃತಿ. ಕನ್ನಡದ ಕಿವಿಗೆ ಮಾತ್ರ ಅದು ಹೆಂಡತಿ. ಇದನ್ನು ಕಲಿಸುವ ಬುದ್ಧನ ಉಪದೇಶ, ಸತಿಪಟ್ಠಾನ ಸುತ್ತ ಓದುತ್ತಿದ್ದೇನೆ ಎಂದಾಗ ನಮ್ಮ ಯಜಮಾನರು, ಪತಿಪಟ್ಠಾನವೂ ಇದೆಯೇ ಎಂದು ಕೇಳಿದ್ದರು. ‘ಸಾವಧಾನತೆ’ ಎಂದು ಅನುವಾದಿಸುವವರಿದ್ದಾರೆ. ನನಗೆ ಆ ಪದ ಕೇಳಿದರೆ ಮದುವೆ ಮಂಟಪ, ಅಂತರಪಟ, ಕೈಯಲ್ಲಿ ಹಿಡಿದ ಅಕ್ಷತೆ ಕಾಣುತ್ತವೆ. ನಾವು ಸಣ್ಣವರಿದ್ದಾಗ ಹಾಲಿನ ಪಾತ್ರೆ ಎತ್ತಿಕೊಂಡರೆ ಅವ್ವ ‘ಮೈಮೇಲೆ ಎಚ್ಚರ ಇರಲಿ’ ಎನ್ನುತ್ತಿದ್ದಳು. ನನಗೆ ಅದೇ ಸರಿಯಾದ ಅನುವಾದ. ಆ ಸುತ್ತವೂ ಮೈಯಿಂದಲೇ ಶುರುವಾಗುತ್ತದೆ: ಉಸಿರು, ನಿಲುವು, ನಡಿಗೆ, ಕೈಕಾಲು ಮಡಿಸುವುದು, ಚಾಚುವುದು, ಉಣ್ಣುವುದು.

ಇನ್ನು ಗಂಟೆಯ ಕಥೆ. ಈ ಪರಂಪರೆಯಲ್ಲಿ ಗಂಟೆ ಹೊಡೆಯುತ್ತಾರೆ ಎನ್ನುವುದಿಲ್ಲ, ಆಹ್ವಾನಿಸುತ್ತಾರೆ ಎನ್ನುತ್ತಾರೆ. ಮೊದಲು ಕೋಲನ್ನು ಅಂಚಿಗೆ ತಾಗಿಸಿ ಹಾಗೇ ಹಿಡಿದು ಅರ್ಧ ದನಿ, ಎಲ್ಲರೂ ಅಣಿಯಾಗಲೆಂದು. ಒಂದು ಉಸಿರಿನ ಬಳಿಕ ಪೂರ್ತಿ ದನಿ. ಸರದಿಯ ಮೇಲೆ ಎಲ್ಲರೂ ಇದನ್ನು ಮಾಡಬೇಕು. ನನ್ನಲ್ಲಿ ಗಂಟೆ ಇರಲಿಲ್ಲ, ಅಜ್ಜಿಯ ಕಂಚಿನ ಗಂಗಾಳವಿತ್ತು. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಇಡೀ ಓಣಿಯ ಜೊತೆ ಬಾಗಿಲಲ್ಲಿ ನಿಂತು ಸೌಟಿನಿಂದ ಬಡಿದದ್ದು ಅದನ್ನೇ. ಈಗ ಅದನ್ನು ಸಿಂಬಿಯ ಮೇಲಿಟ್ಟು, ಬಟ್ಟೆ ಸುತ್ತಿದ ಕಟ್ಟಿಗೆಯ ಸೌಟನ್ನು ಮೆಲ್ಲಗೆ ತಾಗಿಸಿದರೆ ದನಿ ಎದ್ದು, ಹರಡಿ, ನಿಧಾನವಾಗಿ ತೆಳುವಾಗುತ್ತದೆ. ಆದರೆ ಆಚೆಯವರಿಗೆ ಕೇಳಿಸುತ್ತಿದ್ದದ್ದು ‘ಠಣ್’ ಅಷ್ಟೇ. ವಿಡಿಯೊ ಸಭೆಯ ತಂತ್ರಾಂಶ ಮನುಷ್ಯರ ಮಾತನ್ನು ದಾಟಿಸಿ ಫ್ಯಾನು, ಮಿಕ್ಸರ್‌ಗಳ ಸದ್ದನ್ನು ಅಳಿಸಿಹಾಕುತ್ತದೆ; ಉದ್ದಕ್ಕೆ ಎಳೆಯುವ ಕಂಚಿನ ದನಿಯೂ ಅದರ ಲೆಕ್ಕದಲ್ಲಿ ಗದ್ದಲವೇ. ಸದ್ದಡಗಿಸುವ ಆ ಸೌಲಭ್ಯವನ್ನು ನಿಲ್ಲಿಸಿಡಬೇಕೆಂದು ಗೊತ್ತಾಗಲು ನಮಗೆ ಏಳು ತಿಂಗಳು ಹಿಡಿಯಿತು. ಗುಂಪಿನಲ್ಲಿ ಮೂವರು ಸಾಫ್ಟ್‌ವೇರ್ ಎಂಜಿನಿಯರುಗಳಿದ್ದಾರೆ.

ಒಟ್ಟಿಗೆ ಹಾಡುವುದಂತೂ ಆಗದ ಮಾತು. ಒಬ್ಬೊಬ್ಬರಿಗೆ ದನಿ ಒಂದೊಂದು ಕ್ಷಣ ತಡವಾಗಿ ತಲುಪುವುದರಿಂದ ಎಲ್ಲರೂ ಮೈಕ್ ಮುಚ್ಚಿಕೊಂಡು, ಒಬ್ಬರ ದನಿಗೆ ತಮ್ಮ ತಮ್ಮ ಮನೆಯಲ್ಲೇ ದನಿಗೂಡಿಸುತ್ತೇವೆ. ಭಜನೆಯ ಮನೆಯಲ್ಲಿ ಬೆಳೆದವಳಿಗೆ ಇದು ಉಪ್ಪಿಲ್ಲದ ಸಾರು.

ಖರ್ಚು ಹೆಚ್ಚಿಲ್ಲ. ಮೊದಲು ಉಚಿತ ಖಾತೆಯಲ್ಲಿ ನಡೆಸುತ್ತಿದ್ದೆವು; ನಲವತ್ತು ನಿಮಿಷಕ್ಕೆ ಸಭೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಮ್ಮೆ ಒಬ್ಬರ ಕಣ್ಣು ತುಂಬಿ ಮಾತು ನಿಂತಿದ್ದಾಗಲೇ ಮುಚ್ಚಿತು. ಮುಂದಿನ ವಾರ ಹಣ ಕೂಡಿಸಿ ಖಾತೆ ಕೊಂಡೆವು. ವರ್ಷಕ್ಕೆ ತಲಾ ಸಾವಿರ ರೂಪಾಯಿಯ ಆಸುಪಾಸು, ಆಗದವರು ಕೊಡಬೇಕಿಲ್ಲ. ಪ್ಲಮ್ ವಿಲೇಜ್‌ನ ಆ್ಯಪ್ ಪೂರ್ತಿ ಉಚಿತ. ನಾನು ಅದರಲ್ಲಿ ಬಳಸುವುದು ಗಂಟೆಯೊಂದನ್ನೇ: ನಾವು ಗೊತ್ತುಮಾಡಿದ ಹೊತ್ತಿಗೊಮ್ಮೆ ಬಾರಿಸುತ್ತದೆ, ಕೈಯಲ್ಲಿದ್ದ ಕೆಲಸ ಬಿಟ್ಟು ಮೂರು ಉಸಿರು ನಿಲ್ಲುತ್ತೇನೆ. ಒಮ್ಮೆ ಸಂತೆಯಲ್ಲಿ ಬದನೆಕಾಯಿಯ ಚೌಕಾಸಿಯ ನಡುವೆ ಬಾರಿಸಿತು. ನಾನು ಮಾತು ನಿಲ್ಲಿಸಿ ನಿಂತದ್ದನ್ನು ನೋಡಿ ಮಾರುವಾಕೆ ತಾನಾಗಿ ಐದು ರೂಪಾಯಿ ಇಳಿಸಿದಳು.

ಹೊಸದಾಗಿ ಸೇರುವವರಿಗೆ ಒಂದೇ ಮಾತು. ಕ್ಯಾಮೆರಾ ತೆರೆದಿಡಿ, ಆದರೆ ನಿಮ್ಮ ಮುಖ ನಿಮಗೆ ಕಾಣದಂತೆ ಮಾಡಿಕೊಳ್ಳಿ. ನಾನು ಮೊದಲ ಎರಡು ತಿಂಗಳು ನನ್ನ ನರೆಗೂದಲನ್ನೇ ಧ್ಯಾನಿಸಿದೆ.

ಕಚೇರಿಗಳು ತೆರೆದ ಮೇಲೆ ಜನ ಕರಗಿದರು. 2023ರ ಮಳೆಗಾಲದ ಒಂದು ಭಾನುವಾರ ನಾವು ಮೂವರೇ. ಭಿಕ್ಖುಗಳ ನಿಯಮಾವಳಿಯಾದ ವಿನಯದ ಪ್ರಕಾರ ಸಂಘ ಎನಿಸಿಕೊಳ್ಳಲು ಕನಿಷ್ಠ ನಾಲ್ವರು ಭಿಕ್ಖುಗಳು ಬೇಕು. ನಾವು ಗೃಹಸ್ಥರು, ಆದರೂ ಮನಸ್ಸಿಗೆ ಸಣ್ಣ ಪಿಚ್ಚು. ಅಂದು ಓದಿಗೆ ಬುದ್ಧನ ಉಪದೇಶಗಳ ಸಂಗ್ರಹ ಮಜ್ಝಿಮ ನಿಕಾಯದ ಗೋಸಿಂಗ ವನದ ಪ್ರಸಂಗವನ್ನು ಆರಿಸಿಕೊಂಡೆವು. ಬುದ್ಧನ ಶಿಷ್ಯರಾದ ಅನುರುದ್ಧ, ನಂದಿಯ, ಕಿಂಬಿಲ, ಅವರೂ ಮೂವರೇ. ಹಾಲು ನೀರು ಬೆರೆತಂತೆ ಇದ್ದರು. ನೀರಿನ ಕೊಡ ಬರಿದಾದದ್ದನ್ನು ಕಂಡವರು ತುಂಬಿಡುವರು. ಒಬ್ಬರಿಗೆ ಭಾರವಾದರೆ ಕೈಸನ್ನೆಯಿಂದ ಇನ್ನೊಬ್ಬರನ್ನು ಕರೆದು ಇಬ್ಬರೂ ಸೇರಿ ಎತ್ತಿಡುವರು, ಅದಕ್ಕಾಗಿ ಮೌನ ಮುರಿಯುತ್ತಿರಲಿಲ್ಲ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಧಮ್ಮದ ಮಾತು. ಮೌನವೂ ಮಾತೂ ನಮ್ಮಲ್ಲಿವೆ. ಕೊಡ ಎತ್ತುವುದು ಮಾತ್ರ ಪರದೆಯ ಆಚೆಯಿಂದ ಆಗದು. ನಾನು ಕಳೆದ ಅಂಕ ಅದರದ್ದು.

ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ಕೆಲವು ತಿಂಗಳು ಬರುತ್ತಿದ್ದ. ಕುಳಿತಷ್ಟೂ ಎದೆಬಡಿತ ಹೆಚ್ಚುತ್ತದೆ, ರಾತ್ರಿ ನಿದ್ರೆ ಇಲ್ಲ ಎಂದು ಒಮ್ಮೆ ಬರೆದು ತಿಳಿಸಿದ. ಕಣ್ಣು ಮುಚ್ಚಿ ಕೂರುವುದು ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವಲ್ಲ. ಒಂದೇ ಸೂರಿನಡಿ ಕುಳಿತಿದ್ದರೆ ಕೈ ನಡುಗುವುದನ್ನು ಯಾರಾದರೂ ಕಾಣುತ್ತಿದ್ದರು, ಹೊರಗೆ ಕರೆದುಕೊಂಡು ಹೋಗಿ ಚಹಾ ಕೊಡುತ್ತಿದ್ದರು. ನಮಗೆ ಕಾಣುವುದು ಕೊರಳಿನಿಂದ ಮೇಲೆ. ಸದ್ಯಕ್ಕೆ ಕೂರುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಲು ಹೇಳಿದೆವು. ಮುಂದಿನ ಭಾನುವಾರ ಮತ್ತೆ ಬಂದ. ಅರ್ಧಕ್ಕೇ ಅವನ ಚೌಕ ಮಾಯವಾಯಿತು. ನೆಟ್ ಹೋಯಿತೋ, ಅವನೇ ಹೋದನೋ. ಬರೆದ ಮಿಂಚಂಚೆಗಳಿಗೆ ಉತ್ತರವಿಲ್ಲ. ಯಾವ ಊರಿನವನೆಂದು ನಾವು ಯಾರೂ ಕೇಳಿರಲೇ ಇಲ್ಲ. ಈಗ ಹೊಸಬರು ಬಂದರೆ ಊರು ಕೇಳುತ್ತೇವೆ, ಮನೆಯವರೊಬ್ಬರ ಫೋನ್ ನಂಬರ್ ಪಡೆಯುತ್ತೇವೆ. ಇದು ಅವನ ನಂತರ ಬಂದ ನಿಯಮ.

ನಾಳೆ ಗಂಟೆ ನನ್ನ ಸರದಿ. ಮಧ್ಯಾಹ್ನವೇ ಗಂಗಾಳವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಕಪಾಟಿನ ಮೇಲೆ ಇಟ್ಟಿದ್ದೆ. ರಾತ್ರಿ ಊಟಕ್ಕೆ ಕುಳಿತ ಅವ್ವ ಸ್ಟೀಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕಪಾಟಿನತ್ತ ಕೈ ತೋರಿಸಿ, ಅದು ನಮ್ಮವ್ವನ ಗಂಗಾಳ, ಅದರಲ್ಲೇ ಬಡಿಸು ಎಂದಳು. ಬಡಿಸಿದೆ. ಈಗ ಮತ್ತೆ ತಿಕ್ಕಬೇಕು.