ಎಎಕ್ಸ್‌1800 ರೂಟರ್, ಎರಡು ಅಡಾಪ್ಟರ್: ಮೂರು ವರ್ಷ ಬಳಸಿದ ಮೇಲೆ

ಇಲ್ಲಿ ವಿಮರ್ಶೆಗೆ ಕೂತಿರುವುದು ಮೂರು ವಸ್ತು: ಎಎಕ್ಸ್‌1800 ದರ್ಜೆಯ ಒಂದು ವೈ-ಫೈ 6 ರೂಟರ್, ಡೆಸ್ಕ್‌ಟಾಪ್‌ಗೆ ವೈ-ಫೈ ಹಿಡಿಸಲು ಚುಚ್ಚುವ ಎಸಿ1200 (ಹಿಂದಿನ ತಲೆಮಾರಿನ ವೈ-ಫೈ 5) ಯುಎಸ್‌ಬಿ ಅಡಾಪ್ಟರ್, ಆಮೇಲೆ ಅದರ ಜಾಗಕ್ಕೆ ಬಂದ ಇಂಟೆಲ್ ಎಎಕ್ಸ್210 ಕಾರ್ಡ್. ಲೈನ್ 300 ಎಂಬಿಪಿಎಸ್ ಫೈಬರ್. ತೀರ್ಪು ಮೊದಲೇ ಹೇಳಿಬಿಡಬಹುದು: ರೂಟರ್ ಇಂದಿಗೂ ಅದೇ ಇದೆ, ಬದಲಾಗಿದ್ದು ಅಡಾಪ್ಟರ್. ನೆಟ್ ನಿಧಾನ ಅಂದ ಕೂಡಲೇ ರೂಟರ್ ಮೇಲೆ ಗೂಬೆ ಕೂರಿಸುವುದು ವಾಡಿಕೆ. ಕುತ್ತಿಗೆ ಹಿಸುಕುತ್ತಿರುವುದು ಹೆಚ್ಚಾಗಿ ಇನ್ನೊಂದು ತುದಿ.

ಡಬ್ಬಿಯ ಮೇಲಿನ ಸಂಖ್ಯೆಯಿಂದ ಶುರುಮಾಡೋಣ. 1800 ಅಂದರೆ 2.4 ಗಿಗಾಹರ್ಟ್ಸ್‌ನಲ್ಲಿ 574, 5 ಗಿಗಾಹರ್ಟ್ಸ್‌ನಲ್ಲಿ 1201, ಎರಡನ್ನೂ ಕೂಡಿಸಿ ಮೇಲಕ್ಕೆ ದುಂಡು ಮಾಡಿದ್ದು. ಫೋನಾಗಲಿ ಲ್ಯಾಪ್‌ಟಾಪ್ ಆಗಲಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಬ್ಯಾಂಡ್ ಹಿಡಿಯುವುದರಿಂದ 1800 ಯಾರ ಕೈಗೂ ಬರುವುದಿಲ್ಲ. 1201 ಕೂಡ ಲಿಂಕ್ ವೇಗ ಅಷ್ಟೆ, ಅಂದರೆ ರೂಟರ್ ಮತ್ತು ಸಾಧನ ತಮ್ಮೊಳಗೆ ಒಪ್ಪಿಕೊಂಡ ಕಾಗದದ ಮೇಲಿನ ವೇಗ. ವೈ-ಫೈಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ಪ್ರತಿ ಕಂತಿಗೂ ‘ತಲುಪಿತು’ ಎಂಬ ಉತ್ತರ ವಾಪಸ್ ಬರಬೇಕು. ಇದೆಲ್ಲ ಕಳೆದು, ಅದೇ ಕೋಣೆಯಲ್ಲಿ ಕೂತರೂ ನಿಜವಾದ ವೇಗ ಸುಮಾರು 600ರಿಂದ 750ರ ಒಳಗೆ ನಿಲ್ಲುತ್ತದೆ. ಗೋಡೆ ಅಡ್ಡ ಬಂದಂತೆ ಇನ್ನೂ ಇಳಿಯುತ್ತದೆ. 300ರ ಲೈನಿಗೆ ಇಷ್ಟು ಧಾರಾಳ ಸಾಕು.

ಹಾಗಾದರೆ ಎಎಕ್ಸ್‌3000 ಯಾಕೆ ಬೇಡ? ಅದರಲ್ಲೂ 5 ಗಿಗಾಹರ್ಟ್ಸ್‌ಗೆ ಇರುವುದು ಸಾಮಾನ್ಯವಾಗಿ ಎರಡೇ ಸ್ಟ್ರೀಮ್ (ಒಟ್ಟೊಟ್ಟಿಗೆ ಹರಿಯುವ ದತ್ತಾಂಶದ ಧಾರೆ). ಚಾನೆಲ್ ಅಗಲ 80ರ ಬದಲು 160 ಮೆಗಾಹರ್ಟ್ಸ್ ಮಾಡಿ 1201ನ್ನು 2402 ಮಾಡಿರುತ್ತಾರೆ. ಎದುರಿನ ಸಾಧನವೂ 160 ಹಿಡಿಯುವಂಥದ್ದಲ್ಲದಿದ್ದರೆ ಆ ಅಗಲ ವ್ಯರ್ಥ, ಎಷ್ಟೋ ಫೋನ್‌ಗಳು 80ಕ್ಕೇ ನಿಲ್ಲುತ್ತವೆ. ಜತೆಗೆ ಆ ಅಗಲದ ಪಟ್ಟಿ 52ರಿಂದಾಚೆಗಿನ, ರಾಡಾರ್‌ಗಳೂ ಬಳಸುವ ಚಾನೆಲ್‌ಗಳ ಮೇಲೆ ಹಾಯುತ್ತದೆ. ಅಲ್ಲಿ ಕೂರುವ ಮೊದಲು ರೂಟರ್ 60 ಸೆಕೆಂಡ್ ಕಿವಿಗೊಟ್ಟು ಕೇಳಬೇಕು, ರಾಡಾರ್ ಸುಳಿವು ಸಿಕ್ಕರೆ ಜಾಗ ಖಾಲಿ ಮಾಡಬೇಕು. ‘ಆಗಾಗ ವೈ-ಫೈ ಕಾಣೆಯಾಗುತ್ತದೆ’ ಎಂಬ ದೂರಿನ ಹಿಂದೆ ಇದೇ ಇರುವುದುಂಟು.

ಇದಕ್ಕಿಂತ ದೊಡ್ಡ ಮೋಸ ಹಿಂಬದಿಯ ಪೋರ್ಟ್‌ಗಳದ್ದು. ಎಸಿ1200 ಎಂದು ದಪ್ಪಕ್ಷರದಲ್ಲಿ ಬರೆದ ಅಗ್ಗದ ರೂಟರ್‌ಗಳಲ್ಲಿ ಎಷ್ಟೋ ಬಾರಿ ಎತರ್ನೆಟ್ ಪೋರ್ಟ್ ಬರೀ 100 ಎಂಬಿಪಿಎಸ್. ಗಾಳಿಯಲ್ಲಿ 867 ಇದ್ದರೇನು, ಬಾಗಿಲಲ್ಲಿ ನುಸುಳುವುದು 94–95 ಮಾತ್ರ. ವಿವರಪಟ್ಟಿಯಲ್ಲಿ ವ್ಯಾನ್ (ಇಂಟರ್ನೆಟ್ ಒಳಬರುವ ಪೋರ್ಟ್) ಮತ್ತು ಲ್ಯಾನ್ (ಮನೆಯ ಸಾಧನಗಳ ಪೋರ್ಟ್) ಎರಡರ ಎದುರೂ ‘ಗಿಗಾಬಿಟ್’ ಅಥವಾ ‘10/100/1000’ ಇದೆಯೇ ನೋಡಿಯೇ ದುಡ್ಡು ಕೊಡಿ. ಗಿಗಾಬಿಟ್ ಪೋರ್ಟ್ ಇದ್ದೂ ವೇಗ 94ಕ್ಕೆ ಅಂಟಿಕೊಂಡಿದ್ದರೆ ಕೇಬಲ್ ಪರೀಕ್ಷಿಸಿ. ಗಿಗಾಬಿಟ್‌ಗೆ ಒಳಗಿನ ನಾಲ್ಕು ಜೋಡಿ ತಂತಿಯೂ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಒಂದು ತಂತಿ ತುದಿಯ ಪ್ಲಗ್‌ನಲ್ಲಿ ಸರಿಯಾಗಿ ಕ್ರಿಂಪ್ ಆಗದಿದ್ದರೂ (ಅದುಮಿ ಕೂರದಿದ್ದರೂ) ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತದೆ.

ಈಗ ಯುಎಸ್‌ಬಿ ಅಡಾಪ್ಟರ್. ಎಸಿ1200 ಅಂದರೆ 300 ಮತ್ತು 867. ಎಸಿ600 ಅಂದರೆ ಒಂದೇ ಸ್ಟ್ರೀಮ್, 150 ಮತ್ತು 433. ಮೊದಲು ನೋಡಬೇಕಾದ್ದು ಇದನ್ನಲ್ಲ, ಅದು ಯುಎಸ್‌ಬಿ 2.0 ಹೌದೋ 3.0 ಹೌದೋ ಎಂಬುದನ್ನು. 2.0ರ ಹೆದ್ದಾರಿಯೇ ಕಾಗದದ ಮೇಲೆ 480 ಎಂಬಿಪಿಎಸ್. ದಕ್ಕುವುದು 300ರ ಆಸುಪಾಸು, ವೈ-ಫೈಯ ನಷ್ಟವೂ ಸೇರಿದರೆ ಅದಕ್ಕೂ ಕಡಿಮೆ. ಉಗುರಿನಷ್ಟು ಪುಟ್ಟ ನ್ಯಾನೊ ಅಡಾಪ್ಟರ್‌ಗಳನ್ನು ಡೆಸ್ಕ್‌ಟಾಪ್‌ಗೆ ತರಲೇಬೇಡಿ. ಆಂಟೆನಾಕ್ಕೆ ಜಾಗವೇ ಇಲ್ಲದ ವಸ್ತುವನ್ನು ತಗಡಿನ ಪೆಟ್ಟಿಗೆಯ ಬೆನ್ನಿಗೆ, ಗೋಡೆಯ ಕಡೆ ಮುಖ ಮಾಡಿ ಚುಚ್ಚಿದರೆ ಅದಾದರೂ ಏನು ಮಾಡೀತು?

ಹಾಗೆಂದು 3.0 ನಿರಪಾಯವಲ್ಲ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಈ ಬಗ್ಗೆ ತಾಂತ್ರಿಕ ಟಿಪ್ಪಣಿ ಹೊರತಂದಿತ್ತು. ಪಕ್ಕದ ಪೋರ್ಟ್‌ನಲ್ಲಿ ಹಾರ್ಡ್‌ಡಿಸ್ಕ್ ಓಡುತ್ತಿದ್ದಾಗ 2.4 ವೈ-ಫೈ ಕುಂಟುವುದು, ವೈರ್‌ಲೆಸ್ ಮೌಸ್ ತಡವರಿಸುವುದು ಇದರ ಗುರುತು. ಮದ್ದು ಸರಳ: ಒಳ್ಳೆಯ ಶೀಲ್ಡ್ ಇರುವ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ಮೇಜಿನ ಮೇಲಕ್ಕೆ ತನ್ನಿ, 5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿ. ಬರೀ ಈ ಕೇಬಲ್‌ನಿಂದ ಸಿಗುವ ಲಾಭ ಕೆಲವೊಮ್ಮೆ ಹೊಸ ರೂಟರ್‌ನಿಂದಲೂ ಸಿಗದು.

ದೀರ್ಘ ಬಳಕೆಯಲ್ಲಿ ಎದ್ದು ಕಂಡ ದೋಷ ಮೂರು. ಒಂದು, ಬಿಸಿ. ಗಂಟೆಗಟ್ಟಲೆ ಡೌನ್‌ಲೋಡ್ ನಡೆದರೆ ಅಡಾಪ್ಟರ್ ಮೈ ಸುಡುತ್ತದೆ, ಒಮ್ಮೆ ಕಡಿದು ಮತ್ತೆ ಸೇರುತ್ತದೆ. ಎರಡು, ನಿದ್ದೆ. ಕಂಪ್ಯೂಟರ್ ಸ್ಲೀಪ್‌ನಿಂದ ಎದ್ದರೂ ಅಡಾಪ್ಟರ್ ಏಳುವುದಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತು ತೆಗೆಯಿರಿ. ಪವರ್ ಪ್ಲಾನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಕೂಡ ಆಫ್ ಮಾಡಿ. ಮೂರು, ಲಿನಕ್ಸ್. ಅನೇಕ ರಿಯಲ್‌ಟೆಕ್ ಯುಎಸ್‌ಬಿ ಚಿಪ್‌ಗಳಿಗೆ ಡ್ರೈವರ್ ಹೊರಗಿನಿಂದ ತಂದು ಕಟ್ಟಬೇಕಾಗಿ ಬರುತ್ತದೆ, ಕರ್ನೆಲ್ (ಲಿನಕ್ಸ್‌ನ ತಿರುಳು) ನವೀಕರಣವಾದ ಮರುದಿನವೇ ಅದು ಕೈಕೊಡಬಹುದು. ಮೀಡಿಯಾಟೆಕ್ ಎಂಟಿ7612ಯು ಚಿಪ್‌ಗೆ ಕರ್ನೆಲ್ 4.19ರಿಂದ, ಎಂಟಿ7921ಎಯು ಚಿಪ್‌ಗೆ 5.18ರಿಂದ ಡ್ರೈವರ್ ಒಳಗೇ ಇದೆ. ಆದರೆ ಡಬ್ಬಿಯ ಮೇಲೆ ಚಿಪ್ ಹೆಸರು ಬರೆದಿರುವುದೇ ಅಪರೂಪ. ಒಂದೇ ಮಾದರಿ ಸಂಖ್ಯೆಯಡಿ ವಿ1, ವಿ2, ವಿ3 ಎಂದು ಒಳಗಿನ ಚಿಪ್ಪನ್ನೇ ಬದಲಾಯಿಸುವ ಅಭ್ಯಾಸವೂ ಇದೆ, ಆದ್ದರಿಂದ ಆವೃತ್ತಿಯನ್ನೂ ನೋಡಿ.

ಇಷ್ಟೇ ಆಗಿದ್ದರೆ ನಷ್ಟ ಆ ಒಂದು ಕಂಪ್ಯೂಟರಿಗೆ ಸೀಮಿತ. ವೈ-ಫೈಯಲ್ಲಿ ಹಂಚಿಕೆಯಾಗುವುದು ಸಮಯ. ದುರ್ಬಲ ಸಿಗ್ನಲ್‌ನ ಅಡಾಪ್ಟರ್ ಅದೇ ಕಡತವನ್ನು ತರಲು ಹತ್ತು ಪಟ್ಟು ಹೊತ್ತು ಚಾನೆಲ್ ಹಿಡಿದುಕೊಂಡರೆ ಅಷ್ಟು ಹೊತ್ತೂ ಉಳಿದವರು ಕಾಯಬೇಕು. ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿದ ಕೋತಿಯ ಕತೆ.

ಎಎಕ್ಸ್210 ಈ ಲೆಕ್ಕವನ್ನು ಬದಲಿಸಿತು. ಇದು ಪುಟ್ಟ ಎಂ.2 ಕಾರ್ಡ್, ಡೆಸ್ಕ್‌ಟಾಪ್‌ಗೆ ಬೇಕಾದರೆ ಪಿಸಿಐಇ ಪಟ್ಟಿಯ (ಮದರ್‌ಬೋರ್ಡಿಗೆ ಚುಚ್ಚುವ ದೊಡ್ಡ ಕಾರ್ಡಿನ) ಮೇಲೆ ಕೂರಿಸಿಯೇ ಮಾರುತ್ತಾರೆ, ಮದರ್‌ಬೋರ್ಡಿನ ಎಕ್ಸ್1 ಸ್ಲಾಟ್ ಸಾಕು. ಜತೆಗೆ ಬರುವ ತೆಳು ಕೇಬಲನ್ನು ಮದರ್‌ಬೋರ್ಡಿನ 9 ಪಿನ್ ಯುಎಸ್‌ಬಿ ಹೆಡರ್‌ಗೆ ಹಾಕುವುದನ್ನು ಮರೆಯಬೇಡಿ. ವೈ-ಫೈ ಪಿಸಿಐಇ ದಾರಿಯಲ್ಲಿ ಹೋದರೆ ಬ್ಲೂಟೂತ್ ಹೋಗುವುದು ಯುಎಸ್‌ಬಿ ದಾರಿಯಲ್ಲಿ. ಈ ಕೇಬಲ್ ಬಿಟ್ಟು, ಬ್ಲೂಟೂತ್ ಸತ್ತಿದೆ ಎಂದು ಕಾರ್ಡ್ ವಾಪಸ್ ಕಳಿಸುವವರಿದ್ದಾರೆ. ಆಂಟೆನಾ ತಂತಿಯ ಕನೆಕ್ಟರ್ ಸಾಸಿವೆಯಷ್ಟು ಚಿಕ್ಕದು: ನೇರವಾಗಿ ಮೇಲಿಟ್ಟು ‘ಟಕ್’ ಎನ್ನುವವರೆಗೆ ಒತ್ತಬೇಕು, ಓರೆ ಒತ್ತಿದರೆ ಬಾಯಿ ಚಪ್ಪಟೆ. ಪದೇಪದೇ ಬಿಚ್ಚಿ ಹಾಕಿದರೂ ಹಿಡಿತ ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ನೋಡಲು ಒಂದೇ ಥರ ಇರುವ ಎಎಕ್ಸ್201, ಎಎಕ್ಸ್211 ಇಂಟೆಲ್‌ನ ನಿರ್ದಿಷ್ಟ ಪ್ಲಾಟ್‌ಫಾರ್ಮ್‌ಗಳಿಗಷ್ಟೇ ಮಾಡಿದ್ದು, ಪಿಸಿಐಇ ಪಟ್ಟಿಯ ಮೇಲೆ ಅವು ಉಸಿರಾಡುವುದಿಲ್ಲ. ಎರಡು ಆಂಟೆನಾಗಳನ್ನು ನೇರ ಕಾರ್ಡಿನ ಬೆನ್ನಿಗೆ ತಿರುಗಿಸುವ ಬದಲು ತಂತಿಯ ಬುಡ ಇರುವ ಆಂಟೆನಾ ಕೊಳ್ಳಿ, ಮೇಜಿನ ಮೇಲಿಡಿ. 6 ಗಿಗಾಹರ್ಟ್ಸ್ ಸಾಮರ್ಥ್ಯ ಈ ಕಾರ್ಡಿಗಿದೆ, ಎಎಕ್ಸ್‌1800 ರೂಟರಿಗಿಲ್ಲ. ಅದು ಮುಂದಿನ ಮಾತು.

ರೂಟರಿನ ವಿಷಯಕ್ಕೆ ಬಂದರೆ, ಮೂರು ವರ್ಷದಲ್ಲಿ ಅದರಲ್ಲಿ ಹಾಳಾಗಿದ್ದು ಒಂದೇ, ಅದೂ ಅಡಾಪ್ಟರೇ. ಈ ಸಲ ಕರೆಂಟಿನದ್ದು. (ಎರಡಕ್ಕೂ ಒಂದೇ ಹೆಸರಿಟ್ಟವರಿಗೆ ನಮಸ್ಕಾರ.) ರೂಟರ್ ತಾನಾಗಿ ರೀಸ್ಟಾರ್ಟ್ ಆಗುವುದು, ಅದೂ ಹೆಚ್ಚು ಜನ ಒಟ್ಟಿಗೆ ಬಳಸುವಾಗ, ಇದರ ಮೊದಲ ಲಕ್ಷಣ. ಒಳಗಿನ ಕೆಪಾಸಿಟರ್ ಒಣಗಿದಂತೆ, ಭಾರ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಬದಲಿ ಕೊಳ್ಳುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು. 12 ವೋಲ್ಟ್ 1 ಆಂಪಿಯರ್ ಜಾಗಕ್ಕೆ 12 ವೋಲ್ಟ್ 2 ಆಂಪಿಯರ್ ನಡೆಯುತ್ತದೆ, 9 ವೋಲ್ಟ್ ನಡೆಯುವುದಿಲ್ಲ. ಪಿನ್‌ನ ಅಳತೆ, ಪ್ಲಸ್ ಒಳಗೋ ಹೊರಗೋ ಎಂಬ ಚಿತ್ರ, ಎರಡನ್ನೂ ಹೋಲಿಸಿ. ಪುಟ್ಟ ಯುಪಿಎಸ್ ಇಡುವವರು ಫೈಬರ್ ಮೋಡೆಮ್‌ಗೂ ಅದರಿಂದಲೇ ಕರೆಂಟ್ ಕೊಡಬೇಕು, ಇಲ್ಲದಿದ್ದರೆ ರೂಟರ್ ಬೆಳಗುತ್ತಿರುತ್ತದೆ, ನೆಟ್ ಇರುವುದಿಲ್ಲ.

ಸೆಟ್ಟಿಂಗ್‌ಗಳಲ್ಲಿ ಕೈಯಾಡಿಸಬೇಕಾದ್ದು ಕಡಿಮೆ. 2.4ರಲ್ಲಿ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6, 11ರಲ್ಲಿ ಖಾಲಿ ಇರುವುದೊಂದು; 3 ಅಥವಾ 8ರಲ್ಲಿ ಕೂತರೆ ಎರಡೂ ಕಡೆಯವರ ಜಗಳ ಮೈಮೇಲೆ. 5ರಲ್ಲಿ 80 ಮೆಗಾಹರ್ಟ್ಸ್, ಚಾನೆಲ್ 36. ಭದ್ರತೆ ಡಬ್ಲ್ಯುಪಿಎ2/3 ಮಿಶ್ರ, ಗೂಢಲಿಪಿ ಎಇಎಸ್ ಮಾತ್ರ. ಹಳೆಯ ಗೂಢಲಿಪಿ ಟಿಕೆಐಪಿ ಆಯ್ಕೆ ಮಾಡಿದರೆ ವೇಗ 54ಕ್ಕೆ ಬಿದ್ದುಬಿಡುತ್ತದೆ. ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಇಲ್ಲದೆ ಗುಂಡಿ ಅಥವಾ ಪಿನ್‌ನಿಂದ ಸೇರಿಸುವ ಸೌಲಭ್ಯ) ಆಫ್ ಮಾಡಿಡಿ. ಸ್ಮಾರ್ಟ್ ಪ್ಲಗ್‌ಗಳು ಸಾಮಾನ್ಯವಾಗಿ 2.4 ಮಾತ್ರ ಬಲ್ಲವು, ಅವು ಸೇರದೆ ಹಟ ಹಿಡಿದರೆ 2.4ಕ್ಕೆ ಬೇರೆ ಹೆಸರಿಡಿ. ಹೊಸ ವೈ-ಫೈ 6 ರೂಟರ್ ಫೋನಿಗೆ ಕಂಡು ಹಳೆಯ ಲ್ಯಾಪ್‌ಟಾಪ್‌ಗೆ ಹೆಸರೇ ಕಾಣದಿದ್ದರೆ ಗಾಬರಿ ಬೇಡ: ಹಳೆಯ ಇಂಟೆಲ್ ಡ್ರೈವರ್‌ಗಳಿಗೆ ಎಎಕ್ಸ್ ಸಂಕೇತ ಓದಲು ಬರುತ್ತಿರಲಿಲ್ಲ, ಡ್ರೈವರ್ ನವೀಕರಿಸಿದರೆ ಕಾಣುತ್ತದೆ.

ಫೈಬರ್ ಮೋಡೆಮ್ ಕೂಡ ಸ್ವತಃ ರೂಟರ್ ಆಗಿದ್ದರೆ ಎರಡು ರೂಟರ್ ಒಂದರ ಹಿಂದೊಂದು ಕೂತು ವಿಳಾಸಗಳನ್ನು ಎರಡು ಸಲ ಬದಲಿಸುತ್ತವೆ. ಎರಡರ ವಿಳಾಸವೂ 192.168.1.1 ಆಗಿದ್ದರೆ ಎಷ್ಟೋ ಬಾರಿ ನೆಟ್ ಏಳುವುದೇ ಇಲ್ಲ. ಸರಿಯಾದ ದಾರಿ ಮೋಡೆಮನ್ನು ಬ್ರಿಜ್ ಮೋಡ್‌ಗೆ ಹಾಕಿಸುವುದು, ಅಂದರೆ ಅದರ ರೂಟರ್ ಕೆಲಸ ನಿಲ್ಲಿಸಿ ಬರೀ ಸೇತುವೆಯಾಗಿಸುವುದು. ಅದಕ್ಕೆ ಮುಂಚೆ ಇಂಟರ್ನೆಟ್ ಕಂಪನಿಯಿಂದ ಪಿಪಿಪಿಒಇ (ಲಾಗಿನ್) ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ, ಹೊಸ ರೂಟರಿಗೆ ಅವು ಬೇಕು. ಅದಾಗದಿದ್ದರೆ ಹೊಸ ರೂಟರನ್ನು ಬರೀ ವೈ-ಫೈ ಹರಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿಡಿ. ಎರಡರಲ್ಲಿ ಯಾವುದನ್ನು ಮಾಡಿದರೂ ಮೋಡೆಮಿನ ಸ್ವಂತ ವೈ-ಫೈ ಆಫ್ ಮಾಡಿ.

ಕೊನೆಗೆ, ರೂಟರ್ ಬದಲಿಸುವ ಯೋಚನೆ ಬಂದಾಗ ಕಂಪ್ಯೂಟರ್ ತೋರಿಸುವ ಲಿಂಕ್ ವೇಗವನ್ನು ಒಮ್ಮೆ ಓದಿ. 72 ಅಥವಾ 144 ಇದ್ದರೆ ಬಹುಶಃ ನೀವಿನ್ನೂ 2.4ರಲ್ಲಿದ್ದೀರಿ. 433 ಇದ್ದರೆ ಅಡಾಪ್ಟರಿನದ್ದು ಒಂದೇ ಸ್ಟ್ರೀಮ್ ಇರಬಹುದು. 867 ಅಥವಾ 1201 ತೋರಿಸಿಯೂ ನೆಟ್ ನಿಧಾನವಾಗಿದ್ದರೆ ಕೇಬಲ್‌ನಿಂದ ರೂಟರಿಗೆ ನೇರ ಸೇರಿಸಿ ಅಳೆಯಿರಿ. ಪೋರ್ಟ್, ಕೇಬಲ್ ಸರಿಯಿದ್ದು ಅಲ್ಲೂ ನಿಧಾನ ಅಂದರೆ ಲೈನಿನದ್ದೇ ತಕರಾರು, ರೂಟರಿನ ದುಡ್ಡು ಉಳಿಯಿತು. ಸಿಗ್ನಲ್ ಬಲ −67 ಡಿಬಿಎಂಗಿಂತ ಕೆಳಗಿರುವ (ಅಂದರೆ −70, −75 ಎಂದು ಕ್ಷೀಣಿಸುವ) ಕೋಣೆಗೆ ಮಾತ್ರ ಇನ್ನೊಂದು ಪೆಟ್ಟಿಗೆ ಬೇಕು. ಆಗಲೂ ರಿಪೀಟರ್ ಬೇಡ. ಒಂದೇ ರೇಡಿಯೊದಲ್ಲಿ ಕೇಳಿ ಮತ್ತೆ ಹೇಳುವ ಅದು ವೇಗವನ್ನು ಅರ್ಧಕ್ಕಿಳಿಸುತ್ತದೆ. ಗೋಡೆಗುಂಟ ಕೇಬಲ್ ಎಳೆದು, ಹಳೆಯ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ ಮಾಡಿ ಅಲ್ಲಿಡಿ.