ಬಾಟಲಿ ಮೇಲಿನ ಹೆಸರು ನಮ್ಮದು, ಇಂಟರ್ನೆಟ್ಟಿನಲ್ಲಿ ಮಾತ್ರ ಇನ್ನೊಬ್ಬರದು

2024ರ ಏಪ್ರಿಲ್ ಕೊನೆಯ ವಾರ. ಮಿಡಿ ಉಪ್ಪಿನಕಾಯಿಗೆ ಮಸಾಲೆ ಕಲಸುತ್ತಾ ಕೂತಿದ್ದೆ. ಮೈಸೂರಿನಿಂದ ಒಬ್ಬರು ಹಿರಿಯರು ಫೋನ್ ಮಾಡಿದರು. ಶುರುವಿನಿಂದಲೂ ನಮ್ಮಲ್ಲೇ ತರಿಸಿಕೊಳ್ಳುವವರು. "ಅಮ್ಮಾ, ನಿಮ್ಮ ಬಾಟಲಿ ಮೇಲಿರೋ ವೆಬ್‌ಸೈಟ್ ಹಾಕಿದ್ರೆ ಯಾವುದೋ ಇಸ್ಪೀಟ್ ಆಟ ಬರ್ತಾ ಇದೆ. ದುಡ್ಡು ಕಟ್ಟಿ ಆಡಿ ಅಂತಿದೆ. ಮೊಮ್ಮಗ ಪಕ್ಕದಲ್ಲೇ ಕೂತಿದ್ದ" ಎಂದರು. ಬೈಯಲಿಲ್ಲ. ನನಗೆ ತಿಳಿಸಬೇಕು ಅಂತಲೇ ಫೋನ್ ಮಾಡಿದ್ದರು. ಕೈ ತೊಳೆದುಕೊಂಡು ಬಂದು ಮೊಬೈಲಿನಲ್ಲಿ ನೋಡಿದೆ. ನಿಜ. ನಾನೇ ಯೋಚಿಸಿ ಇಟ್ಟ ಹೆಸರು, ಕೆಳಗೆ ರಮ್ಮಿ ಜಾಹೀರಾತು.

ಹೊಸದಾಗಿ ವ್ಯಾಪಾರ ಶುರು ಮಾಡಿ, ಕಡಿಮೆ ದುಡ್ಡಿನಲ್ಲಿ ವೆಬ್‌ಸೈಟ್ ಮಾಡಿಸಬೇಕು ಅಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಮನೆಯಿಂದಲೇ ಏನಾದರೂ ಮಾಡಿ ಮಾರುವ ಹೆಣ್ಣುಮಕ್ಕಳಿಗೆ.

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಹೊಳೆ ದಂಡೆಯಲ್ಲಿ ಅಪ್ಪೆಮಿಡಿ ಮರಗಳಿವೆ. ಅತ್ತೆಯ ಕೈರುಚಿ ಇದೆ. ಮೊದಲು ಬೆಂಗಳೂರಿನ ನೆಂಟರಿಗೆ ಕಳಿಸುತ್ತಿದ್ದೆವು, ಅವರ ಪರಿಚಯದವರು ಕೇಳತೊಡಗಿದರು. ಆಹಾರ ಇಲಾಖೆಯ ನೋಂದಣಿ ಮಾಡಿಸಿದೆ. ಚಿಕ್ಕ ವ್ಯಾಪಾರಕ್ಕೆ ಅದರ ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ ಇತ್ತು, ಅಷ್ಟೇ. ಆಮೇಲೆ ಒಂದು ವೆಬ್‌ಸೈಟ್ ಇದ್ದರೆ ನಾಲ್ಕು ಜನ ನಂಬುತ್ತಾರೆ ಅನ್ನಿಸಿತು. ಅದಕ್ಕೆ ಅಂತ 15,000 ರೂಪಾಯಿ ಎತ್ತಿಟ್ಟಿದ್ದೆ.

ಪರಿಚಯದವರೊಬ್ಬರು ಒಬ್ಬ ಹುಡುಗನ ನಂಬರ್ ಕೊಟ್ಟರು. ಚೆನ್ನಾಗಿ ಮಾತಾಡಿದ. ಹೆಸರು, ಹೋಸ್ಟಿಂಗ್, ವಿನ್ಯಾಸ ಎಲ್ಲ ಸೇರಿ 14,000, ಜೊತೆಗೆ ಗೂಗಲ್‌ನಲ್ಲಿ ಮೊದಲ ಪುಟದಲ್ಲಿ ಬರುವ ಹಾಗೆ ಮಾಡಿಕೊಡುತ್ತೇನೆ ಎಂದ. ನಾನು ಡೊಮೈನ್ ಅಂದರೇನು, ಹೋಸ್ಟಿಂಗ್ ಅಂದರೇನು ಅಂತ ಕೇಳಿದೆ. (ಡೊಮೈನ್ ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ವರ್ಷ ವರ್ಷ ದುಡ್ಡು ಕಟ್ಟಿ ಉಳಿಸಿಕೊಳ್ಳುವಂಥದ್ದು. ಹೋಸ್ಟಿಂಗ್ ಅಂದರೆ ಸೈಟ್ ಇಡಲು ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಪಡೆಯುವ ಜಾಗ. ಇದು ನನಗೆ ಆಮೇಲೆ ತಿಳಿದದ್ದು.) "ಅಕ್ಕಾ, ನೀವು ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಎಲ್ಲ ನಾನೇ ನೋಡ್ಕೊಳ್ತೀನಿ" ಎಂದ. ಆಗ ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನ ಆಗಿತ್ತು ಅಂದರೆ, ಅವತ್ತೇ 8,000 ರೂಪಾಯಿ ಮುಂಗಡ ಹಾಕಿಬಿಟ್ಟೆ. ಈಗ ಯಾರಾದರೂ ಹಾಗೆ ಹೇಳಿದರೆ ನಾನು ಅಲ್ಲಿಂದ ಎದ್ದು ಬರುತ್ತೇನೆ.

ಕೆಲಸ ಕೆಟ್ಟದಾಗಿ ಮಾಡಲಿಲ್ಲ, ಅದನ್ನೂ ಹೇಳಬೇಕು. ಒಂದು ತಿಂಗಳಲ್ಲಿ ಸೈಟ್ ತಯಾರಾಯಿತು. 2023ರ ಫೆಬ್ರವರಿ. ಅತ್ತೆ ಭರಣಿ ಮುಂದೆ ಕೂತ ಫೋಟೋ ಮುಖಪುಟದಲ್ಲಿತ್ತು. ಗೂಗಲ್ ಮೊದಲ ಪುಟವೇನೂ ಆಗಲಿಲ್ಲ, ನಮ್ಮ ಹೆಸರೇ ಹಾಕಿ ಹುಡುಕಿದರೆ ಸಿಗುತ್ತಿತ್ತು. (ಮೊದಲ ಸ್ಥಾನ ಕೊಡಿಸುತ್ತೇವೆ ಅಂತ ಯಾರೂ ಖಾತರಿ ಕೊಡೋಕೆ ಆಗಲ್ಲ ಅಂತ ಗೂಗಲ್‌ನವರೇ ಬರೆದುಕೊಂಡಿದ್ದಾರೆ. ಇದು ನನಗೆ ಗೊತ್ತಾದದ್ದು ಆಮೇಲೆ.) ಆದರೂ ಆ ವರ್ಷ ದೂರದೂರದಿಂದ ಆರ್ಡರ್ ಬಂತು. ಧೈರ್ಯ ಬಂದು 3,000 ಲೇಬಲ್ ಒಟ್ಟಿಗೆ ಅಚ್ಚು ಹಾಕಿಸಿದೆ, ಜಾಸ್ತಿ ಹಾಕಿಸಿದರೆ ಅಗ್ಗ ಅಲ್ವಾ. ಪ್ರತಿ ಲೇಬಲ್ ಮೇಲೂ ವೆಬ್‌ಸೈಟ್ ವಿಳಾಸ.

2024ರ ಜನವರಿಯಲ್ಲಿ ಅವನದೇ ಫೋನ್. ರಿನ್ಯೂವಲ್‌ಗೆ 18,000 ಆಗುತ್ತದೆ ಎಂದ. ಮಾಡಿಸಿದ್ದಕ್ಕಿಂತ ಉಳಿಸಿಕೊಳ್ಳುವುದಕ್ಕೇ ಜಾಸ್ತಿ! ಯಾವುದಕ್ಕೆ ಎಷ್ಟು ಅಂತ ಬರೆದು ಕಳಿಸು ಎಂದೆ. ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಬಂತು. ಡೊಮೈನ್ 4,000, ಹೋಸ್ಟಿಂಗ್ 8,000, ಎಸ್‌ಎಸ್‌ಎಲ್ 3,000, ವರ್ಡ್‌ಪ್ರೆಸ್ ಲೈಸೆನ್ಸ್ 3,000.

ನನಗೆ ತಿಳಿಯಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಣ್ಣನ ಮಗನಿಗೆ ತೋರಿಸಿದೆ. ಅವನು ಒಂದೊಂದೇ ಬಿಡಿಸಿ ಹೇಳಿದ. ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಸುಮಾರು 1,000ದಿಂದ 1,500 ರೂಪಾಯಿ. ನಮ್ಮಂಥ ಚಿಕ್ಕ ಸೈಟಿಗೆ ಹೋಸ್ಟಿಂಗ್ ಮೂರು-ನಾಲ್ಕು ಸಾವಿರದಲ್ಲಿ ಸಿಗುತ್ತದೆ. ಎಸ್‌ಎಸ್‌ಎಲ್ ಅಂದರೆ ಸೈಟಿಗೆ ಹೋಗಿ ಬರುವ ಮಾಹಿತಿಯನ್ನು ನಡುವೆ ಯಾರೂ ಓದದ ಹಾಗೆ ಮಾಡುವುದು. ಅದನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆ ಕೊಡುತ್ತದೆ. ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟುವ ತಂತ್ರಾಂಶವೂ ಪುಕ್ಕಟೆ, ಅದಕ್ಕೆ ವರ್ಷ ವರ್ಷ ಕಟ್ಟುವ ಲೈಸೆನ್ಸ್ ಅನ್ನೋದೇ ಇಲ್ಲ. ತನ್ನ ದುಡಿಮೆಗೆ ಇಷ್ಟು ಅಂತ ಆ ಹುಡುಗ ನೇರವಾಗಿ ಕೇಳಿದ್ದರೆ ಕೊಡುತ್ತಿದ್ದೆ. ಇಲ್ಲದ ಖರ್ಚಿನ ಹೆಸರು ಹೇಳಿ ಕೇಳಿದ್ದೇ ನನಗೆ ನೋವಾಗಿದ್ದು.

ನಾನು ಅದನ್ನೇ ಕೇಳಿದೆ. ಅಲ್ಲಿಂದ ಫೋನ್ ಎತ್ತುವುದು ನಿಂತಿತು.

ಫೆಬ್ರವರಿಯಲ್ಲಿ ಹೆಸರಿನ ಅವಧಿ ಮುಗಿದು ಸೈಟ್ ಹೋಯಿತು. ಹೆಸರು ಕೊಟ್ಟ ಕಂಪನಿ ಯಾವುದು ಅಂತ ಅಣ್ಣನ ಮಗ ಹುಡುಕಿ ಹೇಳಿದ. ಅಲ್ಲಿಗೆ ಫೋನ್ ಮಾಡಿದೆ. ನಾನೇ ಮಾಲೀಕಳು, ನನ್ನದೇ ವ್ಯಾಪಾರದ ಹೆಸರು, ದುಡ್ಡು ನಾನೇ ಕಟ್ಟಿದ್ದು ಎಂದೆ. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಆದರೆ ಉತ್ತರ ಒಂದೇ: "ಸಾರಿ ಮೇಡಂ, ಖಾತೆ ಯಾರ ಹೆಸರಲ್ಲಿದೆಯೋ ಅವರ ಹತ್ತಿರ ಮಾತ್ರ ನಾವು ಮಾತಾಡಬಹುದು." ಖಾತೆ ಅವನ ಹೆಸರಲ್ಲಿತ್ತು. ಇಮೇಲ್ ಅವನದು, ಫೋನ್ ನಂಬರ್ ಅವನದು. ಅವಧಿ ಮುಗಿಯುವ ಒಂದು ತಿಂಗಳ ಮುಂಚೆ, ಒಂದು ವಾರದ ಮುಂಚೆ ಕಂಪನಿಯವರು ನೆನಪಿನ ಓಲೆ ಕಳಿಸಲೇಬೇಕು ಅಂತ ನಿಯಮ ಇದೆಯಂತೆ. ಕಳಿಸಿಯೂ ಇರುತ್ತಾರೆ, ಅವನ ಇಮೇಲ್‌ಗೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಮಾವ ಪೂರ್ತಿ ಕೇಳಿ ಒಂದೇ ಮಾತು ಕೇಳಿದರು. "ಪಹಣಿ ಯಾರ ಹೆಸರಲ್ಲಿದೆ?" ಕಂಪ್ಯೂಟರ್ ಮುಟ್ಟದ ಮನುಷ್ಯ. ನಾನು ಒಂದು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಅದು.

ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ಏನಾಗುತ್ತದೆ ಅನ್ನೋದನ್ನು ಸ್ವಲ್ಪ ಹೇಳುತ್ತೇನೆ. ಅವಧಿ ಮುಗಿದ ಕೂಡಲೇ ಹೆಸರು ಹೋಗಿಬಿಡುವುದಿಲ್ಲ. ಕಂಪನಿಯನ್ನು ನೋಡಿಕೊಂಡು ಹೆಚ್ಚೆಂದರೆ 45 ದಿನ ಮಾಮೂಲಿ ದರದಲ್ಲಿ ನವೀಕರಿಸಲು ಅವಕಾಶ ಇರಬಹುದು. ಆಮೇಲೆ 30 ದಿನ, ಆಗ ಬಿಡಿಸಿಕೊಳ್ಳಲು ದೊಡ್ಡ ದಂಡ. ಅದೂ ದಾಟಿದರೆ 5 ದಿನದಲ್ಲಿ ಹೆಸರು ಸಂತೆಗೆ ಬರುತ್ತದೆ. ಯಾರು ಬೇಕಾದರೂ ಕೊಳ್ಳಬಹುದು. ಸ್ವಲ್ಪ ಜನ ಓಡಾಡಿದ ಹೆಸರುಗಳಿಗಾಗಿ ಕಾದು ಕೂತವರೇ ಇರುತ್ತಾರೆ. ನಮ್ಮ ಹೆಸರು ಹೋದದ್ದೂ ಹಾಗೆಯೇ, ಏಪ್ರಿಲ್ ಕೊನೆಗೆ, ಮಿಡಿಯ ಸೀಸನ್ ನಡುವೆ. ಆ ಎರಡೂವರೆ ತಿಂಗಳು ನಾನು ಅವನ ಮನೆಗೆ ಎರಡು ಸಲ ಹೋಗಿ ಬಂದೆ. ಎರಡು ಸಲವೂ ಬೀಗ.

ಆ ಮೇಲೆ ಲೇಬಲ್ ಕೆಲಸ. ಉಳಿದದ್ದು ಸಾವಿರದ ಏಳುನೂರರ ಹತ್ತಿರ ಇತ್ತು. ಎಸೆಯಲು ಮನಸ್ಸಿಲ್ಲ, ಹಾಗೇ ಅಂಟಿಸಿ ಕಳಿಸಿದರೆ ಓದಿದವರು ಜೂಜಿನ ಪುಟಕ್ಕೆ ಹೋಗುತ್ತಾರೆ. ಬಿಳಿ ಸ್ಟಿಕ್ಕರ್ ಹಾಳೆ ತಂದು ಬೆರಳಗಲದ ಪಟ್ಟಿ ಕತ್ತರಿಸಿ ಅಂಟಿಸಬೇಕಾಯಿತು. ವೆಬ್‌ಸೈಟ್ ಸಾಲಿನ ಕೆಳಗೇ ಆಹಾರ ನೋಂದಣಿಯ 14 ಅಂಕಿಯ ನಂಬರ್ ಇತ್ತು, ಅದು ಮುಚ್ಚಬಾರದು. ಅತ್ತೆ ಕನ್ನಡಕ ಹಾಕಿಕೊಂಡು, ಅಂಗಳದ ಬೆಳಕಿಗೆ ಹಿಡಿದು, ಒಂದೊಂದನ್ನೂ ಉಗುರಲ್ಲಿ ಒತ್ತಿ ಒತ್ತಿ ಅಂಟಿಸಿದರು. ನಾಲ್ಕು ಮಧ್ಯಾಹ್ನ. ಒಂದು ಮಾತೂ ಆಡಲಿಲ್ಲ ಅವರು.

ಗೂಗಲ್ ಮ್ಯಾಪಿನಲ್ಲಿ ನಮ್ಮ ವ್ಯಾಪಾರದ ಪುಟವನ್ನೂ ಅವನ ಜೀಮೇಲ್‌ನಲ್ಲೇ ಮಾಡಿದ್ದ. ಅದೊಂದು ಮಾತ್ರ ವಾಪಸ್ ಸಿಕ್ಕಿತು. ಅಲ್ಲಿ ಮಾಲೀಕತ್ವ ಕೋರುವ ವ್ಯವಸ್ಥೆ ಇದೆ. ಕೋರಿಕೆ ಹಾಕಿ, ಆ ಕಡೆಯಿಂದ ಕೆಲವು ದಿನ ಉತ್ತರ ಬಾರದಿದ್ದರೆ ನಾವೇ ರುಜುವಾತು ಕೊಟ್ಟು ಪಡೆದುಕೊಳ್ಳಬಹುದು. ಸೈಟಿನಲ್ಲಿದ್ದ ಬರಹವೂ ಸ್ವಲ್ಪ ಸಿಕ್ಕಿತು. ಇಂಟರ್ನೆಟ್ ಆರ್ಕೈವ್ ಅನ್ನುವ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟಗಳ ಪ್ರತಿ ಇರುತ್ತದೆ, ನಮ್ಮ ಎರಡು ಪುಟ ಅಲ್ಲಿತ್ತು. ಅತ್ತೆಯ ಫೋಟೋ ನನ್ನ ಮೊಬೈಲಿನಲ್ಲೇ ಇತ್ತು ಪುಣ್ಯಕ್ಕೆ.

ದೂರು ಕೊಟ್ಟೆಯಾ ಅಂತ ಎಲ್ಲರೂ ಕೇಳುತ್ತಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದಾಖಲಿಸಿದೆ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರನ್ನು 2019ರ ಗ್ರಾಹಕ ಕಾಯ್ದೆ ಗ್ರಾಹಕರೆಂದೇ ನೋಡುತ್ತದೆ. ನಾವಿರುವ ಜಿಲ್ಲೆಯ ಆಯೋಗದಲ್ಲೇ ದಾವೆ ಹಾಕಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ನನ್ನ ಹತ್ತಿರ ಏನಿತ್ತು? ಬಿಲ್ ಇಲ್ಲ, ಒಪ್ಪಂದ ಇಲ್ಲ. ಯುಪಿಐ ರಸೀದಿ ಎರಡು, ವಾಟ್ಸಾಪ್ ಸಾಲು ನಾಲ್ಕು. ಮುಖ್ಯ ಮಾತೆಲ್ಲ ಫೋನಿನಲ್ಲೇ ಆಗಿತ್ತು. ಹೆಸರು ನಿಮ್ಮದೇ ಆಗಿರುತ್ತದೆ ಅಂತ ಅವನು ಎಲ್ಲೂ ಬರೆದುಕೊಟ್ಟಿರಲಿಲ್ಲ. ಸೀಸನ್ ಬಿಟ್ಟು ಶಿವಮೊಗ್ಗಕ್ಕೆ ಓಡಾಡುವ ಶಕ್ತಿ ಇರಲಿಲ್ಲ, ಕೈಬಿಟ್ಟೆ.

ಈಗ ಹೊಸ ಹೆಸರು ತಗೊಂಡಿದ್ದೇನೆ, ಡಾಟ್ ಇನ್. 1,000 ರೂಪಾಯಿಯ ಒಳಗೇ ಆಯಿತು. ನನ್ನ ಇಮೇಲ್, ನನ್ನ ನಂಬರ್, ನನ್ನ ಬ್ಯಾಂಕ್ ಖಾತೆಯಿಂದ ಹಣ. ಅರ್ಧ ಗಂಟೆ ಹಿಡಿಯಲಿಲ್ಲ. ರೈಲು ಟಿಕೆಟ್ ಬುಕ್ ಮಾಡಲು ಬರುವವರಿಗೆಲ್ಲ ಇದು ಬರುತ್ತದೆ, ನಂಬಿ. ಒಂದೇ ಜಾಗದಲ್ಲಿ ಎಚ್ಚರ ಬೇಕು. ಮೊದಲ ವರ್ಷದ ದರ ಚಿಕ್ಕದಾಗಿ ತೋರಿಸುತ್ತಾರೆ, ಎರಡನೇ ವರ್ಷದ್ದು ಎಷ್ಟು ಅಂತ ಕೆಳಗೆ ಹುಡುಕಿ ನೋಡಿ. ಹೋಸ್ಟಿಂಗ್‌ನಲ್ಲಂತೂ ಈ ವ್ಯತ್ಯಾಸ ತುಂಬಾ ಇರುತ್ತದೆ. ಮತ್ತೆ, ಹೆಸರು ತಗೊಂಡ ಮೇಲೆ ನಾಲ್ಕಾರು ದಿನ ವೆಬ್‌ಸೈಟ್ ಮಾಡಿಕೊಡ್ತೀವಿ ಅಂತ ಗುರುತಿಲ್ಲದವರ ಕರೆಗಳು ಬಂದವು. ಯಾವುದಕ್ಕೂ ಹೂಂ ಅನ್ನಲಿಲ್ಲ.

ವಿನ್ಯಾಸಕ್ಕೆ ಬೇರೆಯವರನ್ನು ಹಿಡಿದೆ. ಒಂದೇ ಪುಟ ಸಾಕು ಎಂದೆ. ಪದಾರ್ಥ, ಬೆಲೆ, ವಾಟ್ಸಾಪ್ ನಂಬರ್, ಅಷ್ಟೇ. 6,000 ರೂಪಾಯಿ. ಅದರಲ್ಲಿ ಅರ್ಧ ಮೊದಲು, ಅರ್ಧ ಕೆಲಸ ಮುಗಿದು ಸೈಟಿನ ಪೂರ್ತಿ ಬ್ಯಾಕಪ್ ಫೈಲ್ ನನ್ನ ಕೈಗೆ ಬಂದ ಮೇಲೆ. ಅವರಿಗೆ ನನ್ನ ಪಾಸ್‌ವರ್ಡ್ ಕೊಡಲಿಲ್ಲ, ಕೆಲಸ ಮಾಡುವಷ್ಟು ದಿನ ಬೇರೆ ಲಾಗಿನ್ ಮಾಡಿಕೊಟ್ಟೆ, ಆಮೇಲೆ ತೆಗೆದೆ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. "ಹೀಗೇ ಇರಬೇಕು ಮೇಡಂ" ಎಂದರು. ಕೆಲಸ ಗೊತ್ತಿರುವವರಿಗೆ ಇದರಲ್ಲಿ ಅವಮಾನ ಏನೂ ಇಲ್ಲ.

ನಿಮ್ಮ ಸೈಟ್ ಈಗಾಗಲೇ ಯಾರೋ ಮಾಡಿಕೊಟ್ಟು ಚೆನ್ನಾಗಿ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. ಡಾಟ್ ಕಾಮ್ ಹೆಸರು ಹೊಸದಾಗಿ ತಗೊಂಡಾಗ, ಖಾತೆಯಲ್ಲಿರುವ ಇಮೇಲ್ ನಿಜವೇ ಅಂತ ನೋಡಲು ಕಂಪನಿಯಿಂದ ಒಂದು ಲಿಂಕ್ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತಬೇಕು. ನಿಮ್ಮ ಇಮೇಲ್ ತೆರೆದು ಹುಡುಕಿ, ಅಂಥದ್ದು ಯಾವತ್ತಾದರೂ ಬಂದಿತ್ತಾ? ಆ ಕಂಪನಿಯಿಂದ ಒಂದೇ ಒಂದು ಬಿಲ್ಲಾದರೂ ಬಂದಿತ್ತಾ? ಬಂದಿಲ್ಲ ಅಂದರೆ ಹೆಸರು ಬಹುಶಃ ನಿಮ್ಮ ಖಾತೆಯಲ್ಲಿಲ್ಲ. ಮಾಡಿಕೊಟ್ಟವರ ಜೊತೆ ಮಾತುಕತೆ ಚೆನ್ನಾಗಿರುವಾಗಲೇ ಕೇಳಿ. ಅದೇ ಕಂಪನಿಯಲ್ಲಿ ನಿಮ್ಮದೊಂದು ಖಾತೆ ತೆರೆದರೆ, ಅವರ ಖಾತೆಯಿಂದ ನಿಮ್ಮದಕ್ಕೆ ಹೆಸರನ್ನು ವರ್ಗಾಯಿಸುವುದು ಕೆಲವೇ ನಿಮಿಷದ ಕೆಲಸ. ಫೋನಿನಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಬರೆದು ಕೇಳಿ. ಅವಧಿ ಮುಗಿಯುವ ತಾರೀಕು ಯಾವುದು ಅಂತಲೂ ಕೇಳಿ. ನಾನು ನನ್ನದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕ, ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.